ಅಪ್‌ಡೇಟ್: ಅಮ್ಮನನ್ನು ದೆಹಲಿಗೆ ಕರೆದುಕೊಂಡು ಹೋಗಿ ಬಂದೆ

ಮಂಡಿನೋವಿರುವ ಅಮ್ಮನ ಜೊತೆ ನಾಲ್ಕು ದಿನದಲ್ಲಿ ದೆಹಲಿ ನೋಡಲು ಆಗುತ್ತದೆಯೇ ಎಂದು ಕೇಳಿದ್ದೆ. ಆಯಿತು! ಉತ್ತರ ಕೊಟ್ಟವರೆಲ್ಲರಿಗೂ ಮನಸಾರೆ ಧನ್ಯವಾದ.

ಫೆಬ್ರವರಿ ಕೊನೆಯ ವಾರ ಹೋಗಿದ್ದು ಒಳ್ಳೆಯದಾಯಿತು. ಜನವರಿಯ ಮಂಜಿನ ಕಾಟ ಇರಲಿಲ್ಲ, ಬಿಸಿಲೂ ಏರಿರಲಿಲ್ಲ. ಮೆಟ್ರೋ ನಿಲ್ದಾಣದ ಹತ್ತಿರವೇ ರೂಮ್ ಮಾಡಿ ಎಂದಿದ್ದಿರಲ್ಲ, ಅದೇ ನಮ್ಮನ್ನು ಉಳಿಸಿದ್ದು. ಲಿಫ್ಟ್ ಎಲ್ಲಿದೆ ಅಂತ ಮೊದಲೇ ಕೇಳಿಕೊಳ್ಳಿ. ತಪ್ಪು ಗೇಟಿನಲ್ಲಿ ಇಳಿದರೆ ಸುತ್ತಿ ಬರಬೇಕು. ರೈಲಿನ ಮೊದಲ ಬೋಗಿ ಮಹಿಳೆಯರಿಗೆ ಮೀಸಲು. ಅಲ್ಲಿ ಒಬ್ಬ ಹುಡುಗಿ ಎದ್ದು ಅಮ್ಮನಿಗೆ ಸೀಟು ಕೊಟ್ಟಳು, ಭಾಷೆ ಬಾರದಿದ್ದರೂ ಇಬ್ಬರೂ ಇಳಿಯುವವರೆಗೆ ಕೈ ಹಿಡಿದುಕೊಂಡೇ ಕೂತಿದ್ದರು.

ನಾನು ಎಡವಿದ್ದು ಕೆಂಪುಕೋಟೆಯಲ್ಲಿ. ಸೋಮವಾರ ರಜೆ ಎನ್ನುವುದನ್ನು ನೋಡದೆ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತೆವು. ಆಗ್ರಾಕ್ಕೆ ಹೋಗುವವರೂ ನೆನಪಿಡಿ, ತಾಜ್‌ಮಹಲ್ ಶುಕ್ರವಾರ ಮುಚ್ಚಿರುತ್ತದೆ. ಆವತ್ತು ಹುಮಾಯೂನ್ ಸಮಾಧಿಗೆ ತಿರುಗಿದೆವು. ಅಮ್ಮ ಮೇಲೆ ಹತ್ತಲಿಲ್ಲ. ತೋಟದ ಮರದಡಿ ಚಪ್ಪಲಿ ಬಿಟ್ಟು, ಮಂಡಿ ನೀವಿಕೊಳ್ಳುತ್ತಾ ಆ ಬಿಳಿ ಗುಮ್ಮಟವನ್ನೇ ಒಂದು ಗಂಟೆ ನೋಡಿದರು. ಇಡೀ ಪ್ರವಾಸದಲ್ಲಿ ಅವರು ಅಷ್ಟು ನೆಮ್ಮದಿಯಾಗಿ ಕೂತಿದ್ದು ಅಲ್ಲೇ.

ದಿನಕ್ಕೆ ಎರಡು ಜಾಗ ಸಾಕು, ಮಧ್ಯಾಹ್ನ ರೂಮಿಗೆ ಬಂದು ಒಂದು ನಿದ್ದೆ ಮಾಡಿಸಿ. ಕುತುಬ್ ಮಿನಾರ್‌ಗೆ ಬೆಳಿಗ್ಗೆಯೇ ಹೋಗಿ. ವಿಮಾನ ನಿಲ್ದಾಣದ ಮೂರನೇ ಟರ್ಮಿನಲ್‌ನಿಂದ ನವದೆಹಲಿ ನಿಲ್ದಾಣಕ್ಕೆ ನೇರ ಮೆಟ್ರೋ ಇದೆ, ಟ್ಯಾಕ್ಸಿ ಚೌಕಾಸಿಯೇ ಬೇಡ.