ಅಜ್ಜನ ಕಾಲದ ಕಡವೆ ತಲೆಯಿಂದ ಕೂದಲು ಉದುರುತ್ತಿದೆ, ಕೆಳಗೆ ಪುಡಿ ಬೀಳುತ್ತಿದೆ. ಏನು ಮಾಡಲಿ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟದೊಳಗಿನ ಹಳೆಯ ಮನೆ. ಜಗಲಿಯ ಗೋಡೆಯಲ್ಲಿ ಒಂದು ಕಡವೆಯ ತಲೆ ಇದೆ. ನಮ್ಮಜ್ಜ 1958ರಲ್ಲಿ ಹೊಡೆದದ್ದು. ಆಗ ಶಿಕಾರಿಗೆ ಲೈಸೆನ್ಸ್ ಕೊಡುತ್ತಿದ್ದರು. ತಲೆಯನ್ನು ಮೈಸೂರಿಗೆ ಕಳಿಸಿ ಮಾಡಿಸಿದ್ದು ಅಂತ ಅಪ್ಪ ಹೇಳುತ್ತಿದ್ದರು. ಹಲಗೆಯ ಹಿಂದೆ ಒಂದು ಚೀಟಿ ಇದೆ, ಮಾಸಿಹೋಗಿ ಓದಲು ಆಗುತ್ತಿಲ್ಲ.

ಹೋದ ವರ್ಷದ ಮಳೆಗಾಲದಲ್ಲಿ ಎಡಗಿವಿಯ ಕೂದಲು ಉದುರಲು ಶುರುವಾಯಿತು. ಈಗ ಕಿವಿಯ ತುದಿ ಬೋಳಾಗಿದೆ. ಮೂತಿಯ ಮೇಲೂ ಎರಡು ಕಡೆ ರೂಪಾಯಿ ಅಗಲಕ್ಕೆ ಚರ್ಮ ಕಾಣುತ್ತಿದೆ. ಕೆಳಗಿರುವ ಬೆಂಚಿನ ಮೇಲೆ ಸಣ್ಣ ರವೆಯಂಥ ಪುಡಿ ಬೀಳುತ್ತದೆ. ಗದ್ದದ ಕೆಳಗೆ ಹೊಲಿಗೆ ಇರುವ ಕಡೆ ಬಿರುಕು ಬಿಟ್ಟಿದೆ. ಕುತ್ತಿಗೆಯ ಮೇಲೆ ಅಲ್ಲಲ್ಲಿ ಬಿಳಿ ಬೂಸ್ಟು.

ನುಸಿಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಕೊಂಬಿಗೆ ನೇತುಹಾಕಿದ್ದೆ, ಪ್ರಯೋಜನ ಆಗಲಿಲ್ಲ. ಹೋದ ವಾರ ಜಿರಲೆಗೆ ಹೊಡೆಯುವ ಸ್ಪ್ರೇ ಹೊಡೆದೆ. ಹಣೆಯ ಕೂದಲೆಲ್ಲ ಅಂಟಂಟಾಯಿತು. ಮರದ ಪಾಲಿಶ್ ಕೆಲಸದವರು ವಾರ್ನಿಷ್ ಹಚ್ಚಿದರೆ ಎಲ್ಲ ನಿಲ್ಲುತ್ತದೆ ಅಂದರು. ಹಚ್ಚಿಸಲಾ? ಅಮ್ಮ ದಿನಾ ಆ ಪುಡಿ ಗುಡಿಸಿ ಗುಡಿಸಿ ಸಾಕಾಗಿದ್ದಾರೆ. 4 ವರ್ಷದ ಮಗಳು ಬೇರೆ ಅದೇ ಬೆಂಚಿನ ಮೇಲೆ ಆಡುತ್ತಾಳೆ.

ಹಳೇಪೆಟ್ಟಿಗೆ:

ವಾರ್ನಿಷ್ ವಿಷಯ ಆಮೇಲೆ. ಮೊದಲು ಮಗುವನ್ನು ಆ ಬೆಂಚಿನಿಂದ ದೂರ ಇಡಿ. ಇವತ್ತೇ. ಅಮ್ಮನಿಗೂ ಒಣ ಪೊರಕೆಯಲ್ಲಿ ಗುಡಿಸಬೇಡಿ ಅಂತ ಹೇಳಿ.

ಕಾರಣ ಇದೆ. ಆ ಕಾಲದಲ್ಲಿ ತೊಗಲಿಗೆ ಹುಳ ಹಿಡಿಯದಿರಲಿ ಅಂತ ಒಳಗಡೆ ಆರ್ಸೆನಿಕ್ ಸೋಪು ಬಳಿಯುತ್ತಿದ್ದರು. ಆರ್ಸೆನಿಕ್ ಅಂದರೆ ನಮ್ಮ ಹಿರಿಯರು ಪಾಷಾಣ ಅನ್ನುತ್ತಿದ್ದದ್ದೇ. ಯಾವ ದೇಶದ, ಯಾರ ಕೈಕೆಲಸವೇ ಆಗಿರಲಿ, ಅಷ್ಟು ಹಳೆಯದಾದರೆ ವಿಷ ಇದೆ ಅಂತಲೇ ತಿಳಿದು ಮುಟ್ಟಬೇಕು. 60 ವರ್ಷದಲ್ಲಿ ಅದು ಬಿರುಕಿನಿಂದ, ಹೊಲಿಗೆಯಿಂದ ಹೊರಗೆ ಬಂದಿರುತ್ತದೆ. ಉದುರುವ ಪುಡಿಯಲ್ಲೂ ಸೇರಿರುತ್ತದೆ.

ಎನ್95 ಮಾಸ್ಕ್, ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಬೆಂಚನ್ನೂ ನೆಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆಯನ್ನು ತೊಳೆಯಬೇಡಿ, ಕವರಿನಲ್ಲಿ ಕಟ್ಟಿ ಬಿಸಾಡಿ. ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಹಾಕಲೇಬೇಡಿ. ಹೆಪಾ ಅಂದರೆ ಅತಿ ಸಣ್ಣ ಕಣವನ್ನೂ ಹಿಡಿಯುವ ಫಿಲ್ಟರ್, ಅದು ಇಲ್ಲದ್ದು ಸಣ್ಣ ಧೂಳನ್ನು ಹಿಂದಿನಿಂದ ಮನೆತುಂಬ ಊದುತ್ತದೆ.

ಈಗ ಪ್ರಶ್ನೆ. ಪುಡಿಯ ಜೊತೆ ಕಂದು ಬಣ್ಣದ, ಮೈಯೆಲ್ಲ ರೋಮ ಇರುವ ಒಣ ಪೊರೆ ಸಿಗುತ್ತದಾ? ಅಥವಾ ಜೇಡರ ಬಲೆಯಂಥ ನೂಲು, ನೂಲಿನ ಗೂಡು ಕಾಣುತ್ತದಾ? ಇದು ಗೊತ್ತಾಗದೆ ಮುಂದೆ ಹೋಗುವುದು ಬೇಡ.

ಮಲೆನಾಡ್‌ಕೃಷಿಕ:

ನಮ್ಮಲ್ಲೂ ಜಿಂಕೆ ತಲೆ ಒಂದಿತ್ತು ಅಣ್ಣಾ. ಪ್ರತಿ ಬೇಸಿಗೆ ಅಂಗಳದಲ್ಲಿ ಎರಡು ದಿನ ಬಿಸಿಲಿಗಿಟ್ಟು, ಸೀಮೆಎಣ್ಣೆಗೆ ಬೇವಿನೆಣ್ಣೆ ಬೆರೆಸಿ ಬ್ರಷ್‌ನಲ್ಲಿ ಹಚ್ಚುತ್ತಿದ್ದೆವು. ಹುಳ ಓಡಿಹೋಗುತ್ತಿತ್ತು.

ಹಳೇಪೆಟ್ಟಿಗೆ:

ಹಿಂದೆ ಬಹಳ ಮನೆಗಳಲ್ಲಿ ಹಾಗೇ ಮಾಡುತ್ತಿದ್ದರು, ನಿಮ್ಮ ತಪ್ಪಲ್ಲ. ಆದರೆ ಬಿಸಿಲಿಗೆ ತೊಗಲು ಬಿಗಿಯುತ್ತದೆ, ತಲೆಯ ಆಕಾರಕ್ಕೆ ಒಳಗೆ ಕೂರಿಸಿದ ಅಚ್ಚು ಬಿಗಿಯುವುದಿಲ್ಲ. ಬಿರುಕು ಬೀಳುವುದೇ ಅಲ್ಲಿ. ಎಣ್ಣೆ ಕೂದಲಿನ ಬುಡಕ್ಕೆ ಇಳಿದರೆ ಮತ್ತೆ ತೆಗೆಯಲು ಆಗುವುದಿಲ್ಲ, ಧೂಳು ಅದಕ್ಕೇ ಮೆತ್ತಿಕೊಳ್ಳುತ್ತದೆ. ನಿಮ್ಮ ಜಿಂಕೆ ತಲೆ ಈಗ ಹೇಗಿದೆ?

ಮಲೆನಾಡ್‌ಕೃಷಿಕ:

ಇಲ್ಲ ಸರ್. ಮುಖ ಸೀಳಿಹೋಯಿತು, ಕೊಂಬು ಮಾತ್ರ ಉಳಿದಿದೆ. ಈಗ ಅರ್ಥವಾಯಿತು.

ತೋಟದಮನೆ:

ಬೆಂಚು ತೆಗೆದು ಹಿಂದಿನ ಕೋಣೆಗೆ ಹಾಕಿದೆ. ಜಗಲಿಗೆ ಮಗಳನ್ನು ಬಿಡುತ್ತಿಲ್ಲ. ನೀವು ಕೇಳಿದ ಹಾಗೆ ಟಾರ್ಚ್ ಹಿಡಿದು ನೋಡಿದೆ. ನೂಲು, ಬಲೆ ಇಲ್ಲ. ರೋಮದ ಪೊರೆ ಇದೆ, ಕಿವಿಯ ಒಳಗೇ ಏಳೆಂಟು ಸಿಕ್ಕವು. ಒಂದು ಸಂಶಯ. ಒಳಗೆ ಪಾಷಾಣ ಇದ್ದರೆ ಹುಳ ತಿಂದು ಸಾಯಬೇಕಲ್ವಾ?

ಹುಳದಜಾಡು:

ಒಳ್ಳೆಯ ಪ್ರಶ್ನೆ. ನಾನು ಕೀಟಶಾಸ್ತ್ರ ಓದಿದವಳು, ಇದಕ್ಕೆ ನಾನು ಹೇಳುತ್ತೇನೆ.

ನೀವು ಹೇಳಿದ ಪೊರೆ ಕಾರ್ಪೆಟ್ ಬೀಟಲ್ ಅನ್ನುವ ಸಣ್ಣ ದುಂಬಿಯ ಮರಿಹುಳದ್ದು. ನೂಲು ಇದ್ದಿದ್ದರೆ ಬಟ್ಟೆ ತಿನ್ನುವ ನುಸಿ ಪತಂಗ ಅನ್ನುತ್ತಿದ್ದೆ. ಪೂರ್ತಿ ಬೆಳೆದ ದುಂಬಿ 2ರಿಂದ 4 ಮಿಲಿಮೀಟರ್ ಅಷ್ಟೇ. ಅದು ಹೂವಿನ ಪರಾಗ ತಿಂದು ಬದುಕುತ್ತದೆ, ಬೆಳಕಿಗೆ ಹೋಗುತ್ತದೆ. ನಿಮ್ಮ ಕಿಟಕಿಯ ದಂಡೆಯ ಮೇಲೆ ಸತ್ತು ಬಿದ್ದಿರುತ್ತವೆ, ನೋಡಿ. ಹಾಳು ಮಾಡುವುದು ಮರಿಹುಳ. ಅದಕ್ಕೆ ಕೂದಲು, ಉಣ್ಣೆ, ಗರಿ, ಒಣ ಚರ್ಮ, ಸತ್ತ ಕೀಟ ಎಲ್ಲ ಆಹಾರ. ಕೊಂಬನ್ನು ಮಾತ್ರ ಮುಟ್ಟುವುದಿಲ್ಲ. ಕಡವೆಯ ಕೊಂಬು ಮೂಳೆ, ದನದ ಕೊಂಬಿನ ಹಾಗಲ್ಲ.

ಪಾಷಾಣ ಇದ್ದರೂ ಹೇಗೆ ತಿನ್ನುತ್ತದೆ ಅಂದರೆ, ಸೋಪು ಬಳಿದದ್ದು ತೊಗಲಿನ ಒಳಮೈಗೆ. ಹುಳ ಹೊರಗಿನ ಕೂದಲು ಮೇಯುತ್ತದೆ, ಅಲ್ಲಿ ವಿಷ ಕಡಿಮೆ. ಕಿವಿಯಲ್ಲಿ ತೊಗಲು ತೆಳು, ತುದಿಯವರೆಗೆ ಬಿಡಿಸಿ ಸೋಪು ಬಳಿಯುವುದು ಕಷ್ಟ. ಹೀಗಾಗಿ ಹುಳ ಶುರುಮಾಡುವುದು ಕಿವಿ, ಮೂತಿ, ಕಣ್ಣಿನ ಸುತ್ತ. ನೀವು ಹೇಳಿದ ಜಾಗಗಳೇ ಇವು.

ಈಗ ಹುಳ ಜೀವಂತ ಇದೆಯಾ, ಹಳೆಯ ಹಾನಿಯಾ ಅಂತ ತಿಳಿಯಬೇಕು. ಕಪ್ಪು ಡ್ರಾಯಿಂಗ್ ಹಾಳೆಯನ್ನು ತಲೆಯ ಕೆಳಗೆ ಹಾಸಿ 7 ದಿನ ಬಿಡಿ. ಹೊಸ ಪುಡಿ ಬಿದ್ದರೆ ಮನೆ ಮಾಡಿವೆ ಅಂತ ಅರ್ಥ.

ಇನ್ನೊಂದು. ತಲೆಗೆ ಮಾತ್ರ ಮದ್ದು ಮಾಡಿದರೆ ಸಾಲದು, ಹುಳ ಎಲ್ಲಿಂದಲೋ ಬಂದಿದೆ. ಹಳೆಯ ಕಂಬಳಿ, ಮಾಡಿನೊಳಗೆ ಗುಬ್ಬಿಗೂಡು, ಖಾಲಿ ಜೇನುತಟ್ಟಿ, ಸತ್ತ ಬಾವಲಿ, ಯಾವುದಾದರೂ ಒಂದು ಇದ್ದೇ ಇರುತ್ತದೆ. ಹುಡುಕಿ.

ಹಾಸನದವಳು:

ನಡುವೆ ಒಂದು ಮಾತು, ಇದು ಮುಖ್ಯ. ರಿಪೇರಿಗೆ ಅಂತ ತಲೆಯನ್ನು ಕಾರಿನಲ್ಲಿ ಹಾಕಿಕೊಂಡು ಹೊರಡುವ ಮೊದಲು ಕಾಗದ ನೋಡಿಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಂಥ ವಸ್ತು ಇಟ್ಟುಕೊಳ್ಳಲು ಮಾಲೀಕತ್ವದ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಯಾರ ಹೆಸರಿನಲ್ಲಿದೆ? ತಂದೆಯವರ ಹೆಸರಿನಲ್ಲಿದ್ದು ಅವರು ಈಗ ಇಲ್ಲದಿದ್ದರೆ, ವಾರಸುದಾರರು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಕೊಡಬೇಕು. 40ನೇ ಸೆಕ್ಷನ್ನಿನಲ್ಲಿ ಅದಕ್ಕೆ 90 ದಿನದ ಗಡುವು ಇದೆ. ಯಾವ ಪ್ರಾಣಿ ಕಾಯ್ದೆಯ ಯಾವ ಅನುಸೂಚಿಯಲ್ಲಿ (ಪಟ್ಟಿಯಲ್ಲಿ) ಅನ್ನುವುದು 2022ರ ತಿದ್ದುಪಡಿಯಲ್ಲಿ ಬದಲಾಗಿದೆ. ಹಾಗಾಗಿ ಹಳೆಯ ಪಟ್ಟಿ ನಂಬಬೇಡಿ, ಡಿಎಫ್‌ಒ (ವಿಭಾಗೀಯ ಅರಣ್ಯಾಧಿಕಾರಿ) ಕಚೇರಿಯಲ್ಲಿ ಬರೆದು ಕೇಳಿ. ಟ್ಯಾಕ್ಸಿಡರ್ಮಿ, ಅಂದರೆ ಸತ್ತ ಪ್ರಾಣಿಯ ತೊಗಲನ್ನು ಹೀಗೆ ಅಚ್ಚಿಗೆ ಕೂರಿಸಿ ಇಡುವ ಕೆಲಸಕ್ಕೂ ಅದೇ ಕಾಯ್ದೆಯಡಿ ಲೈಸೆನ್ಸ್ ಬೇಕು. ಯಾರೋ ಗೊತ್ತಿರುವವರು ಅಂತ ಕೊಟ್ಟುಬಿಡಬೇಡಿ.

ತೋಟದಮನೆ:

ಧನ್ಯವಾದ ಅಕ್ಕಾ. ಪ್ರಮಾಣಪತ್ರ ಅಪ್ಪನ ಹೆಸರಿನಲ್ಲಿದೆ. ಅಪ್ಪ ಹೋದ ತಿಂಗಳ ಹಿಂದಿನ ತಿಂಗಳು ತೀರಿಕೊಂಡರು, ಇನ್ನೂ 90 ದಿನ ಆಗಿಲ್ಲ. ಸೋಮವಾರವೇ ಅರ್ಜಿ ಕೊಡುತ್ತೇನೆ. ಈ ತಲೆಯ ಬಗ್ಗೆ ನನಗೆ ಇಷ್ಟು ಆತಂಕ ಆಗಲು ಅದೂ ಒಂದು ಕಾರಣ. ಭಾನುವಾರ ಭಾನುವಾರ ಮೆತ್ತನೆಯ ಬ್ರಷ್ ಹಿಡಿದು ಅಪ್ಪನೇ ಅದರ ಧೂಳು ಒರೆಸುತ್ತಿದ್ದರು.

ಕಪ್ಪು ಹಾಳೆ ಹಾಸಿ 3 ದಿನ ಆಯಿತು. ಆಗಲೇ ಪುಡಿ ಬಿದ್ದಿದೆ.

ಹಳೇಪೆಟ್ಟಿಗೆ:

ಅಪ್ಪನ ವಿಷಯ ಕೇಳಿ ಬೇಸರವಾಯಿತು. ಅವರು ಬ್ರಷ್ ಹಾಕುತ್ತಿದ್ದದ್ದು ಸರಿಯಾದ ಕ್ರಮ. ಅದಕ್ಕೇ ಇಷ್ಟು ವರ್ಷ ಉಳಿದಿದೆ.

ಹುಳ ಜೀವಂತ ಇದೆ ಅಂದಮೇಲೆ ಫ್ರೀಜ್ ಮಾಡುವುದೇ ದಾರಿ. ಮ್ಯೂಸಿಯಂಗಳಲ್ಲೂ ಹೀಗೇ ಮಾಡುತ್ತಾರೆ. ಹೊಸದಾಗಿ ಯಾವ ವಿಷವನ್ನೂ ಸೇರಿಸಬೇಕಾಗಿಲ್ಲ, ಮೊಟ್ಟೆಯೂ ಸಾಯುತ್ತದೆ. ಆದರೆ ಬೂಸ್ಟು ಹಿಡಿದು ತೇವ ಇರುವಾಗ ಫ್ರೀಜರಿಗೆ ಇಡಬಾರದು. ಮೊದಲು ಗಾಳಿ ಆಡುವ, ಬಿಸಿಲು ಬೀಳದ ಕೋಣೆಯಲ್ಲಿ ಒಂದು ವಾರ ಫ್ಯಾನ್ ಗಾಳಿಗೆ ಆರಲಿ, ಗಾಳಿ ನೇರ ಹೊಡೆಯದ ಹಾಗೆ. ಒಣಗಿದ ಬೂಸ್ಟನ್ನು ಮೆತ್ತನೆಯ ಬ್ರಷ್‌ನಿಂದ, ಕೂದಲು ಮಲಗಿದ ದಿಕ್ಕಿಗೇ ತೆಗೆಯಿರಿ. ಮಾಸ್ಕ್ ಮರೆಯಬೇಡಿ.

ಆಮೇಲೆ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ. ಅದರ ಮೇಲೆ ದಪ್ಪ ಪಾಲಿಥೀನ್ ಎರಡು ಪದರ, ಒಳಗಿನ ಗಾಳಿ ಆದಷ್ಟು ಹಿಂಡಿ, ಟೇಪ್ ಹಾಕಿ ಪೂರ್ತಿ ಮುಚ್ಚಿ. ಮೈನಸ್ 18ರಿಂದ ಮೈನಸ್ 20 ಡಿಗ್ರಿಯಲ್ಲಿ 2 ವಾರ. ಒಳಗೊಂದು ಥರ್ಮಾಮೀಟರ್ ಇಡಿ, ಫ್ರೀಜರಿನ ಮೇಲೆ ಬರೆದ ಸಂಖ್ಯೆ ನಂಬಬೇಡಿ. ಹೊರಗೆ ತೆಗೆದ ಮೇಲೆ 2 ದಿನ ಕವರ್ ಬಿಚ್ಚಲೇಬಾರದು. ಬೇಗ ಬಿಚ್ಚಿದರೆ ಗಾಳಿಯ ನೀರೆಲ್ಲ ಕೂದಲ ಮೇಲೆ ಹನಿಯಾಗಿ ಕೂರುತ್ತದೆ. ಆಮೇಲೆ ಮತ್ತೆ ಬೂಸ್ಟು ಬರುತ್ತದೆ.

ವಾರ್ನಿಷ್, ಎಂಸೀಲ್, ಫೆವಿಕಾಲ್ ಯಾವುದೂ ಬೇಡ. ಬಿರುಕಿಗೆ ಗಟ್ಟಿ ಪುಟ್ಟಿ ತುಂಬಿದರೆ ಮುಂದಿನ ಮಳೆಗಾಲದಲ್ಲಿ ತೊಗಲು ಹಿಗ್ಗಿ ಕುಗ್ಗಿ ಅದರ ಪಕ್ಕದಲ್ಲೇ ಹರಿಯುತ್ತದೆ. ಶಿಕಾರಿಯ ತಲೆಗಳನ್ನು ಹೀಗೆ ಮಾಡಿಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ಒಳಗಿನ ಅಚ್ಚನ್ನು ಕಾಗದದ ಪಲ್ಪಿನಿಂದ ಮಾಡುತ್ತಿದ್ದರು. ನಿಮ್ಮದು ಅಲ್ಲಿಯದೇ ಆದರೆ ಒಳಗೆ ಕಾಗದ, ಹೊರಗೆ ತೊಗಲು. ತೇವಕ್ಕೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಆ ಕಾರ್ಖಾನೆ 1999ರಲ್ಲಿ ಮುಚ್ಚಿತು. ಹಾಳಾದರೆ ಮಾಡಿದವರ ಕೈಗೇ ಕೊಡುವ ದಾರಿ ಈಗ ಇಲ್ಲ. ಹಲಗೆಯ ಹಿಂದಿನ ಚೀಟಿಯನ್ನು ಒರೆಸಬೇಡಿ, ಓರೆಯಾಗಿ ಟಾರ್ಚ್ ಬಿಟ್ಟು ಫೋಟೋ ತೆಗೆಯಿರಿ. ಅಕ್ಷರ ಕಂಡರೂ ಕಾಣಬಹುದು.

ತೋಟದಮನೆ:

ದೊಡ್ಡ ಸಮಸ್ಯೆ. ಕೊಂಬು 31 ಇಂಚು ಉದ್ದ, ಅಗಲ 24 ಇಂಚು. ಯಾವ ಫ್ರಿಜ್ಜಿಗೂ ಹಿಡಿಯುವುದಿಲ್ಲ. ಪೇಟೆಯಲ್ಲಿ ಕೋಲ್ಡ್ ಸ್ಟೋರೇಜ್ ಇದೆ, ಆದರೆ ಸಾಗಿಸುವ ಅನುಮತಿ ಸಿಗುವವರೆಗೆ ಹುಳ ಕಾಯುತ್ತದಾ?

ಹುಳದಜಾಡು:

ತಲೆಯನ್ನು ಫ್ರೀಜರಿನ ಹತ್ತಿರ ಒಯ್ಯಬೇಡಿ, ಫ್ರೀಜರನ್ನೇ ತಲೆಯ ಹತ್ತಿರ ತನ್ನಿ. ಮದುವೆ ಮನೆಗಳಿಗೆ ಐಸ್‌ಕ್ರೀಮ್ ಕೊಡುವವರ ಹತ್ತಿರ 500 ಲೀಟರಿನ ಮೇಲ್ಮುಚ್ಚಳದ ಡೀಪ್ ಫ್ರೀಜರ್ ಇರುತ್ತದೆ, ಬಾಡಿಗೆಗೆ ಕೊಡುತ್ತಾರೆ. ಹಿಂದಿನ ಮರದ ಹಲಗೆಯನ್ನು ಬೋಲ್ಟ್ ಬಿಚ್ಚಿ ತೆಗೆದರೆ ಅಡ್ಡ ಮಲಗಿಸಬಹುದು. ಏನು ಇಡುತ್ತೀರಿ ಅಂತ ಅವರಿಗೆ ಮೊದಲೇ ಹೇಳಿ. ವಾಪಸ್ ಕೊಡುವ ಮೊದಲು ಚೆನ್ನಾಗಿ ಒರೆಸಿ ಕೊಡಿ. ಊಟದ ಪದಾರ್ಥ ಇಡುವ ಡಬ್ಬಿ ಅದು.

ತೋಟದಮನೆ (ಅಕ್ಟೋಬರ್ ಕೊನೆ):

ಫ್ರೀಜರ್ ಸಿಕ್ಕಿತು. ಇನ್ನು ಮೇಲೆ ಐಸ್‌ಕ್ರೀಮಿಗೆ ಬಳಸದ, ಮೂಲೆಗೆ ಹಾಕಿದ್ದ ಹಳೆಯದನ್ನೇ ಕೊಟ್ಟರು. ಓರೆಯಾಗಿ ಇಟ್ಟಾಗ ಎರಡು ಬೆರಳು ಜಾಗ ಉಳಿಯಿತು.

5ನೇ ದಿನ ಚಿತ್ತಾ ಮಳೆಯ ಗುಡುಗಿಗೆ ಲೈನ್ ಮೇಲೆ ಮರ ಬಿತ್ತು. 11 ಗಂಟೆ ಕರೆಂಟ್ ಇರಲಿಲ್ಲ. ಒಳಗಿನ ಥರ್ಮಾಮೀಟರ್ ಮೈನಸ್ 6ಕ್ಕೆ ಬಂದಿತ್ತು. ಉಳಿದ ದಿನ ಎಣಿಸಿದರೆ ಸಾಕಾ?

ಹುಳದಜಾಡು:

ಬೇಡ, ಒಂದನೇ ದಿನದಿಂದ ಎಣಿಸಿ. ನಿಧಾನವಾದ ಚಳಿಗೆ ಕೆಲವು ಹುಳ ಒಗ್ಗಿಕೊಳ್ಳುತ್ತವೆ. ಮೈನಸ್ 18 ಮುಟ್ಟಿದ ಮೇಲೆ ಪೂರ್ತಿ 14 ದಿನ ಆಗಲಿ. ಇನ್ನೆರಡು ವಾರದ ಬಾಡಿಗೆ ದಂಡವಲ್ಲ.

ತೋಟದಮನೆ (ಜನವರಿ):

ತಡವಾಗಿ ಬರೆಯುತ್ತಿದ್ದೇನೆ, ಕಾಫಿ ಕೊಯ್ಲು ಮುಗಿಯಬೇಕಿತ್ತು.

ಪೂರ್ತಿ 14 ದಿನ ಇಟ್ಟು, 2 ದಿನ ಕವರಿನಲ್ಲೇ ಬಿಟ್ಟು ಬಿಚ್ಚಿದೆ. ಕಣ್ಣಿನ ಗಾಜಿಗೆ ಏನೂ ಆಗಿಲ್ಲ. ಬಿರುಕು ದೊಡ್ಡದಾಗಿಲ್ಲ. ಅಂಟಂಟಾಗಿದ್ದ ಹಣೆಯ ಕೂದಲಿಗೆ ಇಲ್ಲಿ ಒಬ್ಬರು ಖಾಸಗಿಯಾಗಿ ಹೇಳಿದ ಹಾಗೆ ಅರ್ಧ ಸ್ಪಿರಿಟ್, ಅರ್ಧ ನೀರು ಬೆರೆಸಿ, ಮೊದಲು ಕುತ್ತಿಗೆಯ ಹಿಂದೆ ಕಾಣದ ಕಡೆ ಹಚ್ಚಿ ನೋಡಿ, ಆಮೇಲೆ ಹತ್ತಿಕಡ್ಡಿಯಲ್ಲಿ ಒರೆಸಿದೆ. ಎರಡು ದಿನದ ಕೆಲಸ. ಮುಕ್ಕಾಲು ಭಾಗ ಬಿಡಿಸಿಕೊಂಡಿತು.

ಹುಳ ಬಂದ ಜಾಗವೂ ಸಿಕ್ಕಿತು. ಜಗಲಿಯ ಮೇಲಿನ ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆ. ಅದರಲ್ಲಿ ಅಜ್ಜ ಮಳೆಗಾಲದಲ್ಲಿ ತೋಟಕ್ಕೆ ಹೊದ್ದು ಹೋಗುತ್ತಿದ್ದ ಕರಿ ಕಂಬಳಿ. ಎತ್ತಿದರೆ ಜರಡಿಯ ಹಾಗೆ ತೂತು, ತುಂಬ ಅದೇ ರೋಮದ ಪೊರೆ. ಅದನ್ನು ಉಳಿಸಲು ಆಗಲಿಲ್ಲ, ಸುಟ್ಟೆವು. ಅಮ್ಮ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಪೆಟ್ಟಿಗೆಯ ಸಂದುಗಳನ್ನೂ ಅಟ್ಟವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆವು.

ತಲೆಯನ್ನು ಮತ್ತೆ ಜಗಲಿಗೆ ಹಾಕಲಿಲ್ಲ. ಅದು ಮಳೆ ಹೊಡೆಯುವ ಪಡುವಣ ಗೋಡೆ. ಚಾವಡಿಯ ಒಳಗೋಡೆಗೆ, ಮಗಳ ಕೈಗೆ ಸಿಗದ ಎತ್ತರದಲ್ಲಿ, ಹಲಗೆಯ ಹಿಂದೆ ಎರಡು ಇಂಚಿನ ಮರದ ತುಂಡು ಕೊಟ್ಟು ಗಾಳಿ ಆಡುವ ಹಾಗೆ ಹಾಕಿದ್ದೇನೆ. ಗಾಳಿಯ ತೇವ ಅಳೆಯುವ ಸಣ್ಣ ಮೀಟರ್ ತಂದೆ. ಈಗ ಶೇಕಡಾ 54 ತೋರಿಸುತ್ತಿದೆ. ಘೋಷಣೆಯ ಅರ್ಜಿಗೆ ಸ್ವೀಕೃತಿ ಬಂದಿದೆ, ಅರಣ್ಯ ಇಲಾಖೆಯವರು ಬಂದು ನೋಡಿ ಹೋದರು. ಬೋಳಾದ ಕಿವಿಗೆ ಕೂದಲು ಅಂಟಿಸಬಹುದು ಅಂತ ಕೆಲವರು ಹೇಳಿದರು. ಬೇಡ ಅನ್ನಿಸಿತು, ಹಾಗೇ ಇರಲಿ.

ಒಂದೇ ಪ್ರಶ್ನೆ ಉಳಿದಿದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮೀಟರ್ 80 ದಾಟುತ್ತದೆ. ಆಗ ಏನು ಮಾಡುವುದು?

ಹಳೇಪೆಟ್ಟಿಗೆ:

ಬಹಳ ಚೆನ್ನಾಗಿ ಮಾಡಿದ್ದೀರಿ. ಬೂಸ್ಟಿಗೆ 65 ದಾಟಿದರೆ ಸಾಕು, ಹಾಗಾಗಿ ಮಳೆಗಾಲದ 4 ತಿಂಗಳು ಚಾವಡಿಯ ಬಾಗಿಲು ಮುಚ್ಚಿ ಗಾಳಿಯ ತೇವ ಹೀರುವ ಸಣ್ಣ ಯಂತ್ರ, ಡಿಹ್ಯೂಮಿಡಿಫೈಯರ್, ಓಡಿಸಿ. 50ರಿಂದ 55ಕ್ಕೆ ನಿಲ್ಲಿಸಿ, ಅದಕ್ಕಿಂತ ಕೆಳಗೆ ಒಣಗಿಸಬೇಡಿ. ಕರೆಂಟ್ ಇಲ್ಲದ ದಿನ ಫ್ಯಾನನ್ನು ಇನ್ವರ್ಟರಿಗೆ ಕೊಡಿ. ಅಡುಗೆಮನೆಯ ಹೊಗೆ ಆ ಕಡೆ ಬರದಿರಲಿ. ಕಪ್ಪು ಹಾಳೆ ಮಾತ್ರ ತೆಗೆಯಬೇಡಿ. ತಿಂಗಳಿಗೊಮ್ಮೆ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಾಫಿ ಹೂವಿನ ಹಿಂದೆಯೇ ದುಂಬಿಗಳು ಒಳಗೆ ಬರುತ್ತವೆ, ಆಗ ವಾರಕ್ಕೊಮ್ಮೆ.

ತೋಟದಮನೆ:

ಸರಿ ಸರ್. ಹಾಳೆ ಇವತ್ತು ಬೆಳಗ್ಗೆ ನೋಡಿದೆ, ಏನೂ ಬಿದ್ದಿಲ್ಲ.