ಫ್ಲೋಟ್ ನೀಡಲ್ ಹೊಸದು ಹಾಕಿದರೂ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆ

ಪ್ರಶ್ನೆ: ಬೈಕಿನ ಪೆಟ್ರೋಲ್ ಕಾಕ್ ಆನ್ ಇದ್ದರೆ ಎಂಜಿನ್ ಆಫ್ ಇದ್ದಾಗಲೂ ಕಾರ್ಬ್ಯುರೇಟರ್ ಕೆಳಗಿನ ಪೈಪಿನಿಂದ ನಿಮಿಷಕ್ಕೆ ಏಳೆಂಟು ಹನಿ ಬೀಳುತ್ತದೆ. ಫ್ಲೋಟ್ (ತೇಲುವ ಬುಂಡೆ) ಏರಿದಾಗ ಪೆಟ್ರೋಲ್ ತಡೆಯುವ ನೀಡಲ್, ಪೆಟ್ರೋಲ್ ನಿಲ್ಲುವ ಕೆಳಗಿನ ಬಟ್ಟಲಿನ (ಬೌಲ್) ಗ್ಯಾಸ್ಕೆಟ್ ಎರಡೂ ಹೊಸವು. ಸದ್ಯಕ್ಕೆ ಪೈಪಿನ ಬಾಯಿ ಮುಚ್ಚಿಬಿಡಬಹುದೇ?

ಉತ್ತರ 1: ಖಂಡಿತ ಬೇಡ. ಹೊರಗೆ ದಾರಿ ಸಿಗದ ಪೆಟ್ರೋಲ್ ಇನ್‌ಟೇಕ್ ಮೂಲಕ ಸಿಲಿಂಡರಿಗೆ, ಅಲ್ಲಿಂದ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದರೆ ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ.

ಬೌಲ್ ಬಿಚ್ಚುವ ಮೊದಲು ಲೆವೆಲ್ ನೋಡಿ. ಗಾಡಿ ಮೇನ್ ಸ್ಟ್ಯಾಂಡ್ ಮೇಲೆ ನೇರವಾಗಿರಲಿ. ಡ್ರೈನ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಬೌಲ್ ಪಕ್ಕದಲ್ಲೇ ಮೇಲಕ್ಕೆ ಹಿಡಿದು ಡ್ರೈನ್ ಸ್ಕ್ರೂ ಸಡಿಲಿಸಿ. ಪೈಪಿನಲ್ಲಿ ಕಾಣುವುದೇ ಬೌಲ್ ಒಳಗಿನ ಮಟ್ಟ. ಅದು ಗ್ಯಾಸ್ಕೆಟ್ ಗೆರೆಯನ್ನೂ ದಾಟಿ ಏರುತ್ತಲೇ ಇದ್ದರೆ ನೀಡಲ್ ಸರಿಯಾಗಿ ಮುಚ್ಚುತ್ತಿಲ್ಲ. ಹೊಸ ನೀಡಲ್ ಹಾಕುವವರು ಅದು ಕೂತು ಮುಚ್ಚುವ ಸೀಟನ್ನು ಮರೆಯುತ್ತಾರೆ. ಹಿತ್ತಾಳೆ ಸೀಟಿಗೆ ಇಯರ್‌ಬಡ್ ತುದಿಯಲ್ಲಿ ಚೂರು ಮೆಟಲ್ ಪಾಲಿಶ್ ಹಚ್ಚಿ ತಿರುಗಿಸಿ, ಆಮೇಲೆ ಪೂರ್ತಿ ತೊಳೆಯಿರಿ. ಎಮೆರಿ ಪೇಪರ್ ಮುಟ್ಟಿಸಬೇಡಿ. ಫ್ಲೋಟನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ಕುಲುಕಿದರೆ ತೂತಾಗಿದೆ ಎಂದರ್ಥ.

ಉತ್ತರ 2: ಫ್ಲೋಟಿನ ಎತ್ತರ ಅಳೆಯುವಾಗ ಕಾರ್ಬ್ಯುರೇಟರನ್ನು ಓರೆ ಹಿಡಿಯಿರಿ. ಫ್ಲೋಟಿನ ನಾಲಿಗೆ ನೀಡಲ್‌ನ ಸ್ಪ್ರಿಂಗ್ ಪಿನ್ನನ್ನು ಮುಟ್ಟಬೇಕು, ಒತ್ತಬಾರದು. ಒತ್ತಿದ ಸ್ಥಿತಿಯಲ್ಲಿ ಅಳೆದರೆ ಲೆಕ್ಕವೇ ತಪ್ಪು. ಅಳತೆ ಆಯಾ ಮಾಡೆಲ್ಲಿನ ಮ್ಯಾನ್ಯುಯಲ್‌ನದ್ದೇ ಆಗಿರಲಿ.

ಪ್ರಶ್ನೆ ಕೇಳಿದವರು: ನೋಡಿದೆ. ಮಟ್ಟ ಗ್ಯಾಸ್ಕೆಟ್ ಗೆರೆಗಿಂತ 4 ಮಿ.ಮೀ. ಕೆಳಗೆ ನಿಂತಿದೆ, ಹತ್ತು ನಿಮಿಷವಾದರೂ ಏರಿಲ್ಲ. ಹನಿ ಮಾತ್ರ ನಿಂತಿಲ್ಲ!

ಉತ್ತರ 2: ಹಾಗಾದರೆ ನೀಡಲ್ ನಿರಪರಾಧಿ. ಬೌಲ್ ಒಳಗೆ ನಿಂತಿರುವ, ಹೆಚ್ಚಾದ ಪೆಟ್ರೋಲನ್ನು ಓವರ್‌ಫ್ಲೋ ಪೈಪಿಗೆ ಬಿಡುವ ಸಣ್ಣ ಹಿತ್ತಾಳೆ ಕೊಳವೆ ಉದ್ದಕ್ಕೆ ಸೀಳಿರುತ್ತದೆ, ಇಲ್ಲವೇ ಬುಡದಲ್ಲಿ ಸಡಿಲವಾಗಿರುತ್ತದೆ. ಸೀಳು ಕೂದಲೆಳೆಯಷ್ಟಿರುವುದರಿಂದ ಬರಿಗಣ್ಣಿಗೆ ಕಾಣುವುದೇ ಕಷ್ಟ. ಬೌಲ್ ಬಿಚ್ಚಿ, ಡ್ರೈನ್ ಸ್ಕ್ರೂ ಬಿಗಿಮಾಡಿ, ಕೊಳವೆಯ ತುದಿಗಿಂತ 2 ಮಿ.ಮೀ. ಕೆಳಗಿನವರೆಗೆ ಪೆಟ್ರೋಲ್ ತುಂಬಿ ಒಣ ಕಾಗದದ ಮೇಲೆ ಎತ್ತಿ ಹಿಡಿಯಿರಿ. ಕಾಗದ ಒದ್ದೆಯಾದರೆ, ತೇವ ಡ್ರೈನ್ ಸ್ಕ್ರೂ ಓ-ರಿಂಗ್‌ನಿಂದ ಬಂದದ್ದಲ್ಲ ಎಂದು ಖಚಿತ ಮಾಡಿಕೊಳ್ಳಿ.

ಉತ್ತರ 1: ಸೀಳು ಕೊಳವೆಯಲ್ಲೇ ಇದ್ದರೆ ಬೆಸುಗೆ ನಿಲ್ಲುತ್ತದೆ: ಉಜ್ಜಿ ಹೊಳಪು ಬರಿಸಿ, ಫ್ಲಕ್ಸ್ ಹಚ್ಚಿ, ತೆಳುವಾಗಿ ಸೀಸ ಹರಿಸಿ. ಅದಕ್ಕೂ ಮೊದಲು ಬೌಲ್ ತೊಳೆದು, ಆವಿ ಒಂದಿಷ್ಟೂ ಉಳಿಯದಂತೆ ಒಣಗಿಸಿ. ಬುಡದಲ್ಲೇ ಸಡಿಲವಾಗಿದ್ದರೆ ಹೊಸ ಬೌಲ್ ಹಾಕಿ. ಸಾಮಾನ್ಯ ಎಪಾಕ್ಸಿ ಅಂಟು ಪೆಟ್ರೋಲಿನಲ್ಲಿ ಮೆತ್ತಗಾಗಿ, ಕಿತ್ತು ಬಂದು ಜೆಟ್‌ಗೆ (ಪೆಟ್ರೋಲ್ ಹಾಯುವ ಸಣ್ಣ ತೂತಿಗೆ) ಅಡ್ಡ ಕೂರುತ್ತದೆ.