ನೆಟ್ ಇದ್ದೂ ಒಂದೇ ಆ್ಯಪ್ ಬರ್ದಿದ್ರೆ ಹೋಗಿದ್ದು ಯಾವ್ದು?

ಹಿನ್ನೀರ_ಮನೆ: ಎಲ್ರಿಗೂ ನಮಸ್ಕಾರ, ಹೊಸನಗರ ಕಡೆ ನಮ್ದು. ನಿನ್ನೆ ಅಡಿಕೆ ಕೊನೆ ತೆಗ್ಯೋರಿಗೆ ದುಡ್ಡು ಹಾಕಣ ಅಂದ್ರೆ ಬ್ಯಾಂಕ್ ಆ್ಯಪ್ ಸುತ್ತುತ್ತಾನೇ ಇತ್ತು, ನಮ್ಮ ಮಾವ ನೆಟ್ ಹೋಯ್ತು ಅಂತ ಕೇಬಲ್‌ನವ್ರಿಗೆ ಫೋನ್ ಮಾಡಿ ಜೋರು ಮಾಡಿದ್ರು, ಆದ್ರೆ ಅದೇ ಹೊತ್ತಿಗೆ ಮಗಳು ಯೂಟ್ಯೂಬಲ್ಲಿ ಪಾಠ ನೋಡ್ತಾ ಕೂತಿದ್ಲು. ನೆಟ್ ಬೇರೆ ಆ್ಯಪ್ ಬೇರೆನಾ? ಗೊತ್ತಿದ್ದೋರು ಬಿಡಿಸಿ ಹೇಳಿ.

ಗುಡ್ಡದ_ಟವರ್: ಪೂರ್ತಿ ಬೇರೆ ಮಾರಾಯ್ರೆ. ಆಗುಂಬೆ ಘಾಟಿ ಕುಸಿದ್ರೆ ಆ ದಾರಿಲಿ ಯಾವ ಬಸ್ಸೂ ಇಲ್ಲ, ಒಂದು ಬಸ್ ಕೆಟ್ಟು ನಿಂತ್ರೆ ಘಾಟಿಗೇನೂ ಆಗಿರಲ್ಲ, ಅಷ್ಟೇ. ಇಂಟರ್ನೆಟ್ಟಿನ ಕೆಲ್ಸ ಡೇಟಾನ ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಐಪಿ ಅಡ್ರೆಸ್ (ನೆಟ್ಟಲ್ಲಿರೋ ಯಂತ್ರದ ನಂಬರ್ ವಿಳಾಸ) ನೋಡ್ಕಂಡು ಮುಟ್ಸೋದು, ಒಳಗೆ ಪಾಠ ಇದ್ಯೋ ದುಡ್ಡಿನ ಲೆಕ್ಕ ಇದ್ಯೋ ಅದಕ್ಕೆ ಬೇಕಿಲ್ಲ. ಹಿಂಗೆ ಪ್ಯಾಕೆಟ್ ಮುಟ್ಸೋ ಈಗಿನ ಟಿಸಿಪಿ/ಐಪಿ ವ್ಯವಸ್ಥೆ, ಇಂಟರ್ನೆಟ್ಟಿಗೆ ಮೂಲವಾದ ಅಮೆರಿಕದ ಅರ್ಪಾನೆಟ್ ಅನ್ನೋ ಜಾಲದಲ್ಲಿ ಶುರುವಾಗಿದ್ದು 1983ರ ಜನವರಿ 1ಕ್ಕೆ, ನಾವು ವೆಬ್‌ಸೈಟ್ ಅಂತೀವಲ್ಲ ಆ ವೆಬ್ಬನ್ನ ಟಿಮ್ ಬರ್ನರ್ಸ್ ಲೀ ಯೋಚಿಸಿದ್ದೇ 1989ರಲ್ಲಿ. ಅಂದ್ರೆ ವೆಬ್ ಇಲ್ದೇನೂ ಇಂಟರ್ನೆಟ್ ಇತ್ತು.

2021ರ ಅಕ್ಟೋಬರ್ 4ರ ರಾತ್ರಿ ನೆನಪಿದ್ಯಾ? ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಇರ್ಲೇ ಇಲ್ಲ. ಅವ್ರ ಕಡೆ ಮೇಂಟೆನೆನ್ಸ್ ಮಾಡೋವಾಗ ಕೊಟ್ಟ ಒಂದು ಕಮಾಂಡಿಂದ ಡೇಟಾಸೆಂಟರ್‌ಗಳ ಮಧ್ಯದ ಲೈನ್ ಎಲ್ಲಾ ಕಡಿದು ಹೋಯ್ತು, ಅದ್ರ ಹಿಂದೇನೇ ಸೈಟಿನ ಹೆಸ್ರು ಕೊಟ್ರೆ ಐಪಿ ಅಡ್ರೆಸ್ ಹೇಳೋ ಅವ್ರ ಡಿಎನ್‌ಎಸ್ ಸರ್ವರ್‌ಗೆ ಹೊರಗಿನವ್ರು ಹೋಗೋ ದಾರಿನೂ ಮಾಯ ಆಯ್ತು. ಆವಾಗ್ಲೂ ಜಿಮೇಲ್, ಯೂಟ್ಯೂಬ್ ಓಡ್ತಾ ಇತ್ತು.

ಮಳೆ_ಮಲ್ನಾಡು: ಕೇಬಲ್‌ನವ್ರಿಗೆ ಫೋನ್ ಮಾಡೋ ಮುಂಚೆ ಫೈಬರ್ ಬಾಕ್ಸ್ ನೋಡಿ. ಎಲ್‌ಓಎಸ್ ಅಂತ ಬರ್ದಿರೋ ಲೈಟ್ ಕೆಂಪಗೆ ಮಿಣಮಿಣ ಅಂತಿದ್ರೆ ನಿಮ್ಮನೆಗೆ ಬೆಳಕೇ ಬರ್ತಿಲ್ಲ ಅಂತ, ನಮ್ಮ ಕಡೆ ಮಳೆಗಾಲ್ದಲ್ಲಿ ಮರ ಬಿದ್ದು ಹಿಂಗೇ ಆಗೋದು, ಆಗ ಅವ್ರನ್ನ ಕರೀಲೇಬೇಕು. ಆ ಕೆಂಪು ಇಲ್ಲ, ಬೇರೆ ಎಲ್ಲಾ ಬರುತ್ತೆ ಅಂದ್ರೆ ಮೊಬೈಲ್ ಡೇಟಾ ಹಾಕಿ ಅದೇ ಆ್ಯಪ್ ತೆಗೀರಿ, ಅಲ್ಲೂ ಬರ್ಲಿಲ್ಲ ಅಂದ್ರೆ ಹೆಚ್ಚುಕಮ್ಮಿ ಬ್ಯಾಂಕಿನ ಸರ್ವರ್‌ದೇ ತೊಂದ್ರೆ. ಕಂಬ ಹತ್ತೋ ಹುಡುಗ್ರನ್ನ ಅದಕ್ಕೆ ಬೈಬೇಡಿ, ಪಾಪ ಆ ಮಳೇಲಿ ಅವ್ರು ಪಡೋ ಪಾಡು ನೋಡಿದೀನಿ.

ಹಿನ್ನೀರ_ಮನೆ: ಮೊಬೈಲ್ ಡೇಟಾದಲ್ಲೂ ಬಂದಿರ್ಲಿಲ್ಲ, ಬಾಕ್ಸಲ್ಲಿ ಕೆಂಪು ಲೈಟೂ ಇರ್ಲಿಲ್ಲ. ಮಾವಂಗೆ ಹೇಳ್ತೀನಿ. ಇಂಥ ಟೈಮಲ್ಲಿ *99# ಒತ್ತಿದ್ರೆ ದುಡ್ಡು ಹೋಗುತ್ತಾ?

ಗುಡ್ಡದ_ಟವರ್: ಅದು ಇಂಟರ್ನೆಟ್ ಇಲ್ದೇ ಫೋನ್ ಸಿಗ್ನಲ್ ಮೇಲೆ ನಡ್ಯುತ್ತೆ, ಫೈಬರ್ ಕಡಿದಾಗ, ಡೇಟಾ ಬರ್ದಾಗ ಕೆಲ್ಸಕ್ಕೆ ಬರುತ್ತೆ. ಆದ್ರೆ ಲೆಕ್ಕ ಇರೋದು ಬ್ಯಾಂಕಲ್ಲೇ ಅಲ್ವಾ, ಅವ್ರ ಸರ್ವರೇ ಮಲಗಿದ್ರೆ ಅದೂ ಹೋಗಲ್ಲ. ಕೊನೆಯೋರಿಗೆ ನಗದೇ ಕೊಟ್ಬಿಡಿ.